ತಲೆ ಬಾಲ ಕತ್ತರಿಸುವ ಕೆಲಸ

ಆ ಶನಿವಾರ ನಮ್ಮ ಅಡುಗೆಮನೆಯಲ್ಲಿ ಐದು ಜನ ಇದ್ದೆವು. ಡಚ್ಚರ ನಾಡಿನ ಈ ಟಿಲ್‌ಬರ್ಗ್‌ನಲ್ಲಿ ನಮ್ಮಂಥವರ ಮನೆಯ ಅಡುಗೆಕೋಣೆ ಹೇಗಿರುತ್ತದೆಂದರೆ, ಇಬ್ಬರು ಒಳಗಿದ್ದರೆ ಮೂರನೆಯವರು ಬಾಗಿಲಲ್ಲಿ ಕಾಯಬೇಕು. ಅಂಥ ಜಾಗದಲ್ಲಿ ಒಂದು ಕ್ಯಾಮೆರಾ, ಅದರ ಮೂರು ಕಾಲು, ಎರಡು ದೀಪ, ಉದ್ದ ಕೋಲಿಗೆ ಕಟ್ಟಿದ ಮೈಕು. ಒಲೆಯ ಮುಂದೆ ನಾನು. ಒಂದು ದೀಪ ಹಿಡಿದು ನಿಂತ ನಮ್ಮವರು. ಮೈಕಿನ ಕೋಲು ಹಿಡಿದ ಸಂಧ್ಯಾ, ಉಡುಪಿಯ ಹುಡುಗಿ, ಮಾಸ್ಟ್ರಿಕ್ಟ್‌ನ ವಿಶ್ವವಿದ್ಯಾಲಯದಲ್ಲಿ ಕೆಲಸ. ಕಿಟಕಿ ಪಕ್ಕದ ಕುರ್ಚಿಯಲ್ಲಿ ನೆರೆಮನೆಯ ಡಚ್ ಅಜ್ಜಿ ರೀಟ್, ಸಿನಿಮಾದಲ್ಲೂ ನೆರೆಮನೆಯ ಅಜ್ಜಿಯೇ. ಕ್ಯಾಮೆರಾದ ಹಿಂದೆ ನನ್ನ ತಮ್ಮ ನಯೀಮ್.

ಅವನು ಬಂದವನೇ ಮೊದಲು ಮಾಡಿದ ಕೆಲಸ ಫ್ರಿಜ್ಜಿನ ಪ್ಲಗ್ ಕಿತ್ತದ್ದು. ಎರಡನೆಯದು ತನ್ನ ಸೈಕಲ್ ಕೀಯನ್ನು ಫ್ರಿಜ್ಜಿನೊಳಗೆ ಮೊಟ್ಟೆಗಳ ಪಕ್ಕ ಇಟ್ಟದ್ದು. ಫ್ರಿಜ್ಜಿನ ಗುಂಯ್ ಸದ್ದು ಮೈಕಿಗೆ ಹಿಡಿಯಬಾರದು, ಅದಕ್ಕೆ ಪ್ಲಗ್. ಮನೆಗೆ ಹೊರಟಾಗ ಕೀ ಹುಡುಕಬೇಕು, ಹುಡುಕಿದರೆ ಫ್ರಿಜ್ಜು ನೆನಪಾಗಬೇಕು, ಅದಕ್ಕೆ ಕೀ. ಸಿನಿಮಾದವರು ಎಲ್ಲ ಕಡೆ ಹೀಗೇ ಮಾಡುತ್ತಾರಂತೆ. ಎರಡು ವರ್ಷ ಶನಿವಾರಗಳಂದು ಅವನು ಹೀಗೆ ಮಾಡಿದ್ದ, ಒಂದು ಸಲವೂ ಮರೆತಿರಲಿಲ್ಲ.

ನಾನು ಈರುಳ್ಳಿ ಹುರಿಯಬೇಕಿತ್ತು, ಅಷ್ಟೇ. ಹುರಿಯುತ್ತಾ ಹುರಿಯುತ್ತಾ ಕ್ಯಾಮೆರಾ ಕಡೆ ನೋಡಿಬಿಟ್ಟೆ.

"ಆಪಾ, ನನ್ನ ಮುಖದಲ್ಲಿ ಈರುಳ್ಳಿ ಇದೆಯಾ? ಬಾಣಲೆ ನೋಡು."

"ನೀನು ಅಲ್ಲಿ ನಿಂತು ನನ್ನನ್ನೇ ನೋಡ್ತಿದ್ರೆ ನಾನೇನು ಮಾಡ್ಲಿ?"

"ನಾನು ಇಲ್ಲ ಅಂದ್ಕೋ."

ನಮ್ಮವರು ದೀಪದ ಹಿಂದಿನಿಂದ, "ಅವಳಿಗೆ ಅದು ಕಷ್ಟ. ಗಂಡ ಇಲ್ಲ ಅಂದ್ಕೋ ಅಂದ್ರೆ ತಕ್ಷಣ ಅಂದ್ಕೊತಾಳೆ, ತಮ್ಮ ಇಲ್ಲ ಅಂದ್ಕೋ ಅಂದ್ರೆ ಆಗಲ್ಲ" ಎಂದರು. ಸಂಧ್ಯಾ ನಕ್ಕಳು, ಮೈಕು ಅಲ್ಲಾಡಿತು, ಮತ್ತೆ ಮೊದಲಿನಿಂದ. ಏನೂ ಅರ್ಥವಾಗದ ರೀಟ್ ಎಲ್ಲರಿಗಿಂತ ಜಾಸ್ತಿ ನಕ್ಕಳು. ಆರು ಸಲ ಈರುಳ್ಳಿ ಹುರಿದೆ. ಆ ರಾತ್ರಿ ನಮ್ಮ ಮನೆಯಲ್ಲಿ ಊಟಕ್ಕೆ ಈರುಳ್ಳಿಯೇ ಪಲ್ಯ.

ಮುಗಿಯುವ ಹೊತ್ತಿಗೆ ಮಳೆ. ದೀಪಗಳನ್ನು ರೈಲಿಗೆ ಹತ್ತಿಸಲು ಸಂಧ್ಯಾಳಿಗೆ ಒಬ್ಬಳಿಗೇ ಆಗುವುದಿಲ್ಲವೆಂದು ನಯೀಮ್ ಅವಳ ಜೊತೆ ನಡೆದೇ ಸ್ಟೇಷನ್ನಿಗೆ ಹೋದ. ಅವನ ರೂಮು ಸ್ಟೇಷನ್ನಿನ ಹತ್ತಿರವೇ. ಹಾಗೇ ಮನೆಗೆ ಹೋದ. ಸೈಕಲ್ಲು ನಮ್ಮ ಗೋಡೆಗೆ ಒರಗಿಕೊಂಡು ನೆನೆಯಿತು.

ಭಾನುವಾರ ಬೆಳಿಗ್ಗೆ ಹಾಲಿಗೆಂದು ಫ್ರಿಜ್ಜು ತೆಗೆದೆ. ಒಳಗೆ ಕತ್ತಲೆ. ಹಾಲು ಹುಳಿ ವಾಸನೆ, ಕೈಮಾ ಮುಟ್ಟುವ ಹಾಗಿಲ್ಲ. ಫೋನ್ ಮಾಡಿದೆ. "ಅಯ್ಯೋ ಆಪಾ, ಕೀ ಒಳಗೇ ಉಳೀತಾ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಇನ್ನು ಮೇಲೆ ನಿನ್ನ ಸಿನಿಮಾ ನಿನ್ನ ರೂಮಿನಲ್ಲೇ ಇಟ್ಟುಕೋ, ನನ್ನ ಅಡುಗೆಮನೆಗೆ ಕಾಲಿಡಬೇಡ ಎಂದೆ. "ಹಾಲು ತಗೊಂಡು ಬರ್ತೀನಿ, ಬೈಬೇಡ" ಎಂದ. ನಡೆದು ಬರುತ್ತಿದ್ದವನು ಅಂಗಡಿಯ ಮುಂದೆ ಕುಸಿದ. ಹೃದಯ. ಮೂವತ್ತೆಂಟು ವರ್ಷ. ಸೈಕಲ್ಲಿನಲ್ಲಿ ಬಂದಿದ್ದರೂ ಆಗುತ್ತಿತ್ತು ಎಂದು ಡಾಕ್ಟರ್ ಹೇಳಿದರು. ನಾನು ಅದನ್ನು ಕೇಳಿರಲಿಲ್ಲ, ಅವರಾಗಿಯೇ ಹೇಳಿದರು.

ಇದನ್ನೆಲ್ಲ ಬರೆಯುವುದಕ್ಕೆ ಒಂದು ಕಾರಣವಿದೆ. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವಷ್ಟು ಓದಿದವಳಲ್ಲ ನಾನು. ಅವನು ಹೋದ ದಿನದಿಂದ ನಾನು ಹುಡುಕುತ್ತಿರುವುದು ಅವನ ದನಿಯನ್ನು. ಫೋಟೋ ಬೇಕಾದಷ್ಟಿವೆ. ದನಿ ಬೇಕು, ಒಂದು ನಿಮಿಷದ್ದಾದರೂ. ನನಗಿಂತ ಹೆಚ್ಚಾಗಿ ಶಿರಾದಲ್ಲಿರುವ ನಮ್ಮ ಅಮ್ಮಿಗೆ ಬೇಕು. ಅಮ್ಮಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ. ಫೋಟೋ ಕಳಿಸಿ ಪ್ರಯೋಜನವಿಲ್ಲ.

ತಮಾಷೆ ಏನೆಂದರೆ, ಶಿರಾದಲ್ಲಿ ಒಂದು ಕಾಲಕ್ಕೆ ಅವನ ದನಿ ಯಾರಿಗೂ ಬೇಡವಾಗುವಷ್ಟಿತ್ತು. ನಮ್ಮ ಅಬ್ಬಾದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಸ್ಕೂಲ್ ಡೇ, ಚುನಾವಣೆ, ಎಲ್ಲದಕ್ಕೂ ಬಾಡಿಗೆಗೆ ಹೋಗುತ್ತಿತ್ತು. ಮರದ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್, ಸುತ್ತಿಟ್ಟ ವೈರು, ಬೂದು ಬಣ್ಣದ ಎರಡು ದೊಡ್ಡ ಹಾರ್ನು. ಮಳೆ ಬಂದರೆ ಹಾರ್ನಿನೊಳಗೆ ಗುಬ್ಬಿಗಳು ಸೇರಿಕೊಳ್ಳುತ್ತಿದ್ದವು. ಅಬ್ಬಾಗೆ ಮೈಕಿನ ಮುಂದೆ ಮಾತಾಡಲು ನಾಚಿಕೆ, ಹಾಗಾಗಿ "ಹಲೋ ಮೈಕ್ ಟೆಸ್ಟಿಂಗ್" ಕೆಲಸ ಏಳು ವರ್ಷದ ನಯೀಮ್‌ಗೆ ಬಂತು. ಅಲ್ಲಿಂದ ಅವನು ಇಳಿಯಲೇ ಇಲ್ಲ. ಮದುಮಗನ ಚಿಕ್ಕಪ್ಪ ಎಲ್ಲಿದ್ದರೂ ಊಟದ ಪೆಂಡಾಲಿಗೆ ಬರಬೇಕು, ಕಪ್ಪು ಚಪ್ಪಲಿ ಅದಲು ಬದಲಾಗಿದೆ, ಬಿಳಿ ಅಂಬಾಸಡರ್ ದಾರಿಗೆ ಅಡ್ಡ ನಿಂತಿದೆ. ಕನ್ನಡದಲ್ಲಿ ಒಂದು ಸಲ, ನಮ್ಮ ಮನೆಮಾತು ದಖ್ನಿ ಉರ್ದುವಿನಲ್ಲಿ ಒಂದು ಸಲ. ನಾನು ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕೂತಿದ್ದರೂ ಅವನು ಯಾವ ಬೀದಿಯಲ್ಲಿ ಇದ್ದಾನೆಂದು ಗೊತ್ತಾಗುತ್ತಿತ್ತು. ಒಮ್ಮೆ ಯಾರದೋ ಮದುವೆಯ ಮೈಕಿನಲ್ಲಿ, "ಆಪಾ, ನನಗೆ ಚಹಾ ಕಳಿಸು" ಎಂದು ಕೂಗಿ ಅಬ್ಬಾ ಕೈಲಿ ಏಟು ತಿಂದ. ಊರಿಗೆಲ್ಲ ಕೇಳಿಸಿತು, ಚಹಾ ಮೂರು ಮನೆಗಳಿಂದ ಹೋಯಿತು. ಇಷ್ಟೆಲ್ಲ ಕೂಗಿದ್ದರಲ್ಲಿ ಒಂದು ಮಾತನ್ನೂ ಯಾರೂ ಕ್ಯಾಸೆಟ್ಟಿಗೆ ಹಿಡಿಯಲಿಲ್ಲ. ಯಾಕೆ ಹಿಡಿಯುತ್ತಾರೆ?

ಟಿಲ್‌ಬರ್ಗ್‌ಗೆ ಮೊದಲು ಬಂದವಳು ನಾನು, ಮದುವೆಯಾಗಿ. ಅವನು ಆಮೇಲೆ ಬಂದ, ಇಲ್ಲಿನ ಒಂದು ದೊಡ್ಡ ಗೋದಾಮಿನಲ್ಲಿ ಶಿಫ್ಟುಗಳನ್ನು ಹೊಂದಿಸುವ ಕೆಲಸಕ್ಕೆ. ನಾನೂ ಬೇರೆ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತೇನೆ. ಅವನಿಗೆ ಸಿನಿಮಾ ಹತ್ತಿಸಿದ್ದು ಮಾಸ್ಟ್ರಿಕ್ಟ್. ಆ ಕಡೆ ಹಿಂದೆ ಕಲ್ಲಿದ್ದಲಿನ ಗಣಿಗಳಿದ್ದವಂತೆ. ಅಲ್ಲೊಂದು ಸಂಜೆ ಅಮೆರಿಕದ ಅಪಲಾಚಿಯ ಎಂಬ ಗುಡ್ಡಗಾಡಿನ ಜನ ಮಾಡಿದ ಸಣ್ಣ ಸಿನಿಮಾಗಳನ್ನು ತೋರಿಸಿದರು. ಅವರದೂ ಕಲ್ಲಿದ್ದಲಿನ ಊರುಗಳೇ. ಹೊರಗಿನವರು ಬಂದು ಬಂದು ಅವರ ಹರಿದ ಬಟ್ಟೆ, ಉದುರಿದ ಹಲ್ಲುಗಳ ಚಿತ್ರ ತೆಗೆದುಕೊಂಡು ಹೋಗುತ್ತಿದ್ದರಂತೆ. ಸಾಕಾಗಿ ತಾವೇ ಕ್ಯಾಮೆರಾ ಹಿಡಿದರಂತೆ. ನಯೀಮ್ ಹೋಗಿ ನೋಡಿ ಬಂದ. ಸಂಧ್ಯಾ ಅವನಿಗೆ ಪರಿಚಯವಾಗಿದ್ದೂ ಅಲ್ಲೇ, ಪಕ್ಕದ ಕುರ್ಚಿಯಲ್ಲಿ.

ಮರುದಿನ ನಮ್ಮ ಮನೆಯಲ್ಲಿ ಕೂತು ಅದೇ ಮಾತು. "ಆಪಾ, ಒಬ್ಬಳು ಮುದುಕಿ ಜಗಲಿ ಮೇಲೆ ಕೂತು ಹುರುಳಿಕಾಯಿ ಮುರೀತಾ ಮಾತಾಡ್ತಾಳೆ. ಅರ್ಧ ಗಂಟೆ. ಅಷ್ಟೇ ಸಿನಿಮಾ. ಕೈ ನೋಡ್ಬೇಕು ನೀನು, ನಮ್ಮ ದಾದಿ ಕೈನೇ." ದಾದಿ ಎಂದರೆ ನಮ್ಮ ಅಬ್ಬಾನ ತಾಯಿ.

"ಅರ್ಧ ಗಂಟೆ ಹುರುಳಿಕಾಯಿ ಯಾರು ನೋಡ್ತಾರೆ?"

"ನಾನು ನೋಡ್ದೆ ಅಲ್ವಾ?" ಎಂದ. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಒಂದು ತಪ್ಪು ಮಾಡಿದ್ದಾರೆ. ಕ್ಯಾಮೆರಾ ಹಿಂದೆ ಇರೋ ಮೊಮ್ಮಗ ನಡುನಡುವೆ ಪ್ರಶ್ನೆ ಕೇಳ್ತಾನೆ, ಅದನ್ನ ಹಾಗೇ ಬಿಟ್ಟಿದ್ದಾರೆ. ಕೇಳೋನ ದನಿ ಯಾಕೆ ಬೇಕು? ಮಾಡೋನು ಕಾಣ್ಬಾರದು, ಕೇಳ್ಬಾರದು" ಎಂದ.

ಆ ಮೊಮ್ಮಗ ಯಾರೋ ಗೊತ್ತಿಲ್ಲ. ಅವನ ಮನೆಯವರು ಪುಣ್ಯವಂತರು.

ನಮ್ಮ ಸಿನಿಮಾ ಒಬ್ಬ ಗೋದಾಮಿನ ಕೆಲಸದವಳ ಕಥೆ. ಊರಿನಲ್ಲಿ ಅವಳ ತಂಗಿಯ ಮಗಳ ಮದುವೆ. ರಜೆ ಸಿಕ್ಕಿಲ್ಲ. ಇಡೀ ದಿನ ಮದುವೆಯನ್ನು ಫೋನಿನಲ್ಲಿ ಕದ್ದು ಕದ್ದು ನೋಡುತ್ತಾ ಪೆಟ್ಟಿಗೆ ಕಟ್ಟುತ್ತಾಳೆ, ಸಂಜೆ ಮನೆಗೆ ಬಂದು ಒಬ್ಬಳಿಗಾಗಿ ಬಿರಿಯಾನಿ ಮಾಡಿಕೊಳ್ಳುತ್ತಾಳೆ. ಕಥೆ ನನ್ನದೇ, ಅವನೇನೂ ಕಷ್ಟಪಟ್ಟು ಹುಟ್ಟಿಸಲಿಲ್ಲ. ಪಾತ್ರವೂ ನನಗೇ ಬಂತು, ಬೇರೆ ಯಾರೂ ಒಪ್ಪಲಿಲ್ಲವೆಂದು.

ಅವನು ಕೆಲಸ ಮಾಡುವ ರೀತಿ ಬೇರೆ ಇತ್ತು. "ಶುರು" ಎಂದ ಕೂಡಲೇ ನಮ್ಮಂಥವರು ಕಲ್ಲಾಗುತ್ತೇವೆ. ಅದಕ್ಕೆ ಅವನು ಯಾರಿಗೂ ಹೇಳದೆ ಕ್ಯಾಮೆರಾ ಮೊದಲೇ ಓಡಲು ಬಿಟ್ಟು, ಸುಮ್ಮನೆ ಮಾತಿಗೆ ಕೂರುತ್ತಿದ್ದ. ಮೂರು ನಿಮಿಷ, ನಾಲ್ಕು ನಿಮಿಷ. ಅಬ್ಬಾನ ಹಾರ್ನು, ಗುಬ್ಬಿ, ಶಿರಾದ ಬಸ್ ಸ್ಟ್ಯಾಂಡಿನ ಬೋಂಡಾ, ತನ್ನ ಮೇಲಿನ ಡಚ್ ಮ್ಯಾನೇಜರ್ ಚಮಚದಲ್ಲಿ ಬಾಳೆಹಣ್ಣು ತಿನ್ನುವುದು. ನಾವು ನಕ್ಕು ಹಗುರವಾದ ಮೇಲೆ, ಅದೇ ದನಿಯಲ್ಲಿ ಮೆಲ್ಲಗೆ, "ಹೂಂ, ಈಗ ಈರುಳ್ಳಿ ಹಾಕು" ಎನ್ನುತ್ತಿದ್ದ. ಅಲ್ಲಿಂದ ಸಿನಿಮಾ. ಕೊನೆಯಲ್ಲೂ ಹಾಗೇ. ಮುಗಿದ ಮೇಲೂ ಓಡುತ್ತಿರುತ್ತಿತ್ತು, ಅವನು ಮಾತಾಡುತ್ತಿರುತ್ತಿದ್ದ.

ಶುರುವಿನ ಮಾತಿಗೆ ತಲೆ, ಕೊನೆಯ ಮಾತಿಗೆ ಬಾಲ ಎಂದು ನಾವು ಹೆಸರಿಟ್ಟಿದ್ದೆವು, ಮೀನಿನ ಹಾಗೆ. ಇದ್ದದ್ದು ಒಂದೇ ಡಿಸ್ಕು. ಪ್ರತಿ ವಾರ ತುಂಬುತ್ತಿತ್ತು. ಆದ್ದರಿಂದ ಭಾನುವಾರ ಬೆಳಿಗ್ಗೆ ಹಿಂದಿನ ದಿನದ ಚಿತ್ರಗಳ ತಲೆ ಬಾಲ ಕತ್ತರಿಸಿ, ಅವನು ನಡುವೆ ಬಾಯಿ ಹಾಕಿದ್ದರೆ ಅದನ್ನೂ ತೆಗೆದು, ಸಿನಿಮಾದ ತುಂಡನ್ನು ಮಾತ್ರ ಉಳಿಸಿ, ಮೂಲವನ್ನು ಅಳಿಸಬೇಕು. ಆ ಕೆಲಸ ಯಾರದು? ನನ್ನದು. ಸಂಧ್ಯಾ ಕಲಿಸಿಕೊಟ್ಟಳು. ಹತ್ತನೇ ಕ್ಲಾಸು ಓದಿದವಳು ಕಂಪ್ಯೂಟರಿನಲ್ಲಿ ಸಿನಿಮಾ ಕತ್ತರಿಸುತ್ತೇನೆಂದರೆ ನನಗೇನು ಕಡಿಮೆ ಜಂಭವೇ? ಮಾತಿನ ಕೊನೆಯ ಅಕ್ಷರ ಎಲ್ಲಿ ನಿಲ್ಲುತ್ತದೋ ಅಲ್ಲಿಗೇ ಸರಿಯಾಗಿ ಕತ್ತರಿ. "ಹಾಕು" ಎಂಬುದರ "ಕು" ಕೂಡ ಉಳಿಯಬಾರದು. ಗೋದಾಮಿನಲ್ಲಿ ಟೇಪು ಕತ್ತರಿಸುವ ಕೈ ಇದು, ಅಳತೆ ತಪ್ಪುವುದಿಲ್ಲ.

"ಅಕ್ಕ ಎಷ್ಟು ಕ್ಲೀನ್ ಮಾಡ್ತಾರೆ ಮಾರಾಯ್ರೆ, ಒಂದು ಫ್ರೇಮ್ ವೇಸ್ಟ್ ಇರುದಿಲ್ಲ" ಎಂದು ಸಂಧ್ಯಾ ಹೊಗಳುತ್ತಿದ್ದಳು.

"ಆಪಾ ಕೈಗೆ ಸಿಕ್ಕಿದ್ರೆ ನನ್ನ ಕುರುಹೂ ಉಳಿಯಲ್ಲ" ಎಂದು ನಯೀಮ್ ಸಂತೋಷದಿಂದ ಹೇಳುತ್ತಿದ್ದ.

ಎರಡು ವರ್ಷ, ವಾರ ವಾರ, ನನ್ನ ತಮ್ಮ ಮಾತಾಡಿದ್ದನ್ನೆಲ್ಲ ನಾನು ಕಾಫಿ ಕುಡಿಯುತ್ತಾ ಅಳಿಸಿದೆ.

ಆದರೂ ಕೊನೆಯ ಶನಿವಾರದ್ದು ಉಳಿದಿತ್ತು. ಅವನು ಹೋದ ಭಾನುವಾರ ಕತ್ತರಿಸುವ ಕೆಲಸ ಆಗಿರಲಿಲ್ಲ. ಮಣ್ಣು ಮಾಡಿ ಬಂದೆವು, ಮನೆ ತುಂಬ ಜನ, ಯಾರೋ ಅಡುಗೆ ತಂದರು, ಯಾರೋ ನನ್ನ ಫ್ರಿಜ್ಜನ್ನೇ ಒರೆಸಿಟ್ಟರು. ನಾಲ್ಕನೇ ದಿನ ಮನೆ ಖಾಲಿಯಾಯಿತು. ನಮ್ಮವರು ಕೆಲಸಕ್ಕೆ ಹೋದರು. ಬೆಳಿಗ್ಗೆ ಹತ್ತು ಗಂಟೆ. ಏನು ಮಾಡಬೇಕೋ ತಿಳಿಯಲಿಲ್ಲ. ಅವನಿಗಾಗಿ ನನಗೆ ಮಾಡಲು ಬರುತ್ತಿದ್ದ ಕೆಲಸ ಒಂದೇ. ಕಂಪ್ಯೂಟರ್ ತೆಗೆದು ಕೂತೆ. ಸಿನಿಮಾ ಅರ್ಧಕ್ಕೆ ನಿಲ್ಲಬಾರದು, ಅವನ ಕೆಲಸ ಬಾಕಿ ಉಳಿಯಬಾರದು ಎಂಬುದೊಂದೇ ತಲೆಯಲ್ಲಿ.

ಸದ್ದು ಹಾಕಿಕೊಳ್ಳಲಿಲ್ಲ. ಅವನ ದನಿ ಆವತ್ತು ಕೇಳಲು ಆಗುತ್ತಿರಲಿಲ್ಲ. ಕತ್ತರಿಸುವುದಕ್ಕೆ ಕಿವಿ ಬೇಕಿಲ್ಲ, ಪರದೆಯ ಕೆಳಗೆ ದನಿಯ ಗೆರೆ ಕಾಣುತ್ತದೆ. ಮಾತಿದ್ದಲ್ಲಿ ಗೆರೆ ಎದ್ದಿರುತ್ತದೆ, ಸುಮ್ಮನಿದ್ದಲ್ಲಿ ಮಲಗಿರುತ್ತದೆ. ತಲೆಯಲ್ಲೂ ಬಾಲದಲ್ಲೂ ಎದ್ದಿದ್ದನ್ನೆಲ್ಲ ತೆಗೆದೆ. ಆರು ಸಲ ಹುರಿದ ಈರುಳ್ಳಿ, ಆರು ತಲೆ, ಆರು ಬಾಲ. ಕ್ಯಾಮೆರಾದ ಕಾರ್ಡನ್ನೂ ಅವನು ಹೇಳಿಕೊಟ್ಟ ಹಾಗೇ ಖಾಲಿ ಮಾಡಿದೆ. ಆ ವಾರವೆಲ್ಲ ಸಂಧ್ಯಾ ತಾನು ಜೋಡಿಸಿದ್ದ ಭಾಗಗಳನ್ನು ಅದೇ ಡಿಸ್ಕಿಗೆ ತುಂಬಿದಳು.

ಹನ್ನೊಂದನೇ ದಿನ ಅಮ್ಮಿ ಫೋನಿನಲ್ಲಿ, "ಅವನ ದನಿ ಇರೋದು ಏನಾದ್ರೂ ಕಳಿಸು, ಕಿವಿಗೆ ಇಟ್ಕೊತೀನಿ" ಎಂದಳು. ಅದೇನು ಮಹಾ, ಎರಡು ವರ್ಷದ ಸಿನಿಮಾ ಇದೆ ಎಂದು ಡಿಸ್ಕು ತೆಗೆದೆ. ಆಗ ಗೊತ್ತಾಯಿತು.

ಸಂಧ್ಯಾ ಓಡಿ ಬಂದಳು. ಅಳಿಸಿದ್ದನ್ನು ಹಿಂದಕ್ಕೆ ತರುವ ಉಪಾಯಗಳಿವೆಯಂತೆ. ಎರಡು ದಿನ ಪ್ರಯತ್ನಿಸಿದಳು, ಅಂಗಡಿಗೂ ಕೊಟ್ಟಳು. ಅದರ ಮೇಲೆ ಬೇರೆ ತುಂಬಿದ್ದರಿಂದ ಸಿಗಲಿಲ್ಲ.

"ಅಕ್ಕ, ನಾಲ್ಕನೇ ದಿನಕ್ಕೇ ಎಂತಕ್ಕೆ ಮಾಡ್ಲಿಕ್ಕೆ ಹೋದ್ರಿ ನೀವು? ನನಗೊಂದು ಫೋನ್ ಮಾಡ್ಬಾರ್ದಿತ್ತಾ?"

"ನೀನೇ ಅಲ್ವಾ ಕಲಿಸಿದ್ದು?"

ಹಾಗೆ ಹೇಳಬಾರದಿತ್ತು. ಅವಳು ಅತ್ತಳು. ನನಗೆ ಆವತ್ತು ಅವಳು ಅತ್ತದ್ದು ಒಳ್ಳೆಯದೇ ಅನಿಸಿತು. ಈಗಲೂ ಸ್ವಲ್ಪ ಹಾಗೇ ಅನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಫೋನಿನಲ್ಲಿ ಇಲ್ಲವೇ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಅವನು ದನಿ ಕಳಿಸುವವನಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪು ಮಾಡುವವನು. ಅವನ ನಂಬರಿಗೆ ಕರೆ ಮಾಡಿದರೆ ಕಂಪನಿಯ ಹೆಂಗಸು ಡಚ್ಚಿನಲ್ಲಿ ಮಾತಾಡುತ್ತಾಳೆ. ಅವನ ಗೋದಾಮಿನ ಒಬ್ಬರ ಹತ್ತಿರ ಅವನ ಹುಟ್ಟುಹಬ್ಬದ ವಿಡಿಯೋ ಇತ್ತು. ಆಸೆಯಿಂದ ತರಿಸಿಕೊಂಡೆ. ಮೂವತ್ತು ಜನ ಡಚ್ಚರು ಕೈ ಎತ್ತಿ ಎತ್ತಿ ಹುಟ್ಟುಹಬ್ಬದ ಹಾಡು ಹಾಡುತ್ತಿದ್ದಾರೆ, ನಡುವೆ ನಯೀಮ್ ಏನೋ ಹೇಳುತ್ತಿದ್ದಾನೆ. ಬಾಯಿ ಕಾಣುತ್ತದೆ. ಹಾಡು ಮುಗಿಯುವಷ್ಟರಲ್ಲಿ ವಿಡಿಯೋ ಮುಗಿಯುತ್ತದೆ.

ಇನ್ನು ನಮ್ಮ ಕನ್ನಡದವರ ವಿಷಯ. ಅವನು ಬದುಕಿದ್ದಾಗ, ನಮ್ಮ ಸಿನಿಮಾದ ಆಗಿದ್ದಷ್ಟು ಭಾಗವನ್ನು ಹಬ್ಬದ ಕಾರ್ಯಕ್ರಮದಲ್ಲಿ ತೋರಿಸಿ ಎಂದು ದ ಹೇಗ್‌ನ ಒಂದು ಕನ್ನಡ ಕೂಟವನ್ನು ಕೇಳಿದ್ದೆವು. ಕಾರ್ಯದರ್ಶಿ ಬೆಂಗಳೂರಿನವರು, ಮರ್ಯಾದೆಯ ಮನುಷ್ಯ. ಮರ್ಯಾದೆಯಿಂದಲೇ ಹೇಳಿದರು, "ನಯೀಮ್, ತುಂಬಾ ನ್ಯಾಚುರಲ್ ಆಗಿದೆ ನಿಮ್ದು. ಬಟ್ ನಮ್ದು ಫ್ಯಾಮಿಲಿ ಆಡಿಯನ್ಸ್ ಅಲ್ವಾ? ಗೋಡೌನು, ಪ್ಯಾಕಿಂಗು, ಜನ ಬೋರ್ ಆಗ್ತಾರೆ. ಮತ್ತೆ ಕನ್ನಡ ಸ್ವಲ್ಪ ಕಮ್ಮಿ ಇದೆ, ಅರ್ಧ ನಿಮ್ಮ ಭಾಷೆ ಇದೆ."

"ಸರ್, ಎರಡೂ ನಮ್ಮ ಭಾಷೆನೇ" ಎಂದ ನಯೀಮ್.

ಸತ್ತ ಮೇಲೆ ಅದೇ ಕಾರ್ಯದರ್ಶಿ ಫೋನ್ ಮಾಡಿದರು. ಶ್ರದ್ಧಾಂಜಲಿ ಇಡುತ್ತೇವೆ, ಏಳು ನಿಮಿಷ ಕೊಡುತ್ತೇವೆ ಎಂದರು. ಸಂಧ್ಯಾ ಸಿನಿಮಾದ ಒಂದು ತುಂಡು ಕಳಿಸಿಕೊಟ್ಟಳು. ಹೋಗಬಾರದಿತ್ತು, ಹೋದೆ. ಸಮೋಸಾ ಮುಗಿದು ಮಕ್ಕಳ ಡ್ಯಾನ್ಸ್ ಶುರುವಾಗುವ ನಡುವೆ ದೀಪ ಆರಿಸಿದರು. ಅವನ ಫೋಟೋ ಬಂತು. ಆಮೇಲೆ ನನ್ನ ಅಡುಗೆಮನೆ. ಈರುಳ್ಳಿ ಎಣ್ಣೆಗೆ ಬೀಳುವ ಸದ್ದಿಗೆ ಕಾದೆ. ಕೇಳಿಸಿದ್ದು ಪಿಟೀಲು. ಇಡೀ ಏಳು ನಿಮಿಷಕ್ಕೆ ಎಲ್ಲಿಂದಲೋ ತಂದು ಪಿಟೀಲು ಹಾಕಿದ್ದರು. ಚೊಂಯ್ ಇಲ್ಲ, ಸೌಟಿನ ಸದ್ದಿಲ್ಲ, ನಾನು ಆಡಿದ ಮಾತೂ ಇಲ್ಲ.

"ಸ್ವಲ್ಪ ಎಮೋಷನಲ್ ಆಗ್ಲಿ ಅಂತ ಹಾಕಿಸ್ದೆ ಮೇಡಂ. ಎಲ್ರೂ ಅತ್ರು, ನೋಡಿದ್ರಲ್ಲ?" ಎಂದರು ಕಾರ್ಯದರ್ಶಿ.

"ನೋಡ್ದೆ ಸರ್" ಎಂದೆ. ಆ ಒಂದು ಸದ್ದು ಹಿಡಿಯಲು ಅವನು ಫ್ರಿಜ್ಜಿನ ಪ್ಲಗ್ ಕೀಳುತ್ತಿದ್ದ, ರೀಟಳ ಕೈಬಳೆ ಬಿಚ್ಚಿಸುತ್ತಿದ್ದ, ನಮ್ಮವರಿಗೆ ಉಗುಳು ನುಂಗಬೇಡಿ ಎನ್ನುತ್ತಿದ್ದ ಎಂದು ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಎಮೋಷನಲ್ ಆಗುತ್ತಿದ್ದರು. ಅವನಿಗೆ "ದಂತಕಥೆ" ಎಂದು ಬರೆದ ಒಂದು ಗಾಜಿನ ಫಲಕ ಕೊಟ್ಟರು. ಅದನ್ನು ರೈಲಿನಲ್ಲಿ ಬಿಟ್ಟು ಬಂದೆ. ಮರೆತು ಬಿಟ್ಟೆನೆಂದು ನಮ್ಮವರಿಗೆ ಹೇಳಿದ್ದೇನೆ.

ಸಂಧ್ಯಾ ಸಿನಿಮಾವನ್ನು ಪೂರ್ತಿ ಮಾಡಿದಳು. ಅವನು ಹೆಸರಿಟ್ಟಿರಲಿಲ್ಲ, ನಾವೂ ಇಡಲಿಲ್ಲ. ಅಮ್ಮಿಗೆ ಕಳಿಸಬೇಡ ಎಂದು ಅವಳೂ ನಮ್ಮವರೂ ಹೇಳಿದರು. ಆದರೆ ಮಗನ ಸಿನಿಮಾ ಮುಗಿಯಿತೆಂದು ಅಮ್ಮಿಗೆ ಯಾರೋ ತಿಳಿಸಿಬಿಟ್ಟಿದ್ದರು. ಶಿರಾದಲ್ಲಿ ಅಮ್ಮಿ ಇರುವುದು ನನ್ನ ತಂಗಿಯ ಮನೆಯಲ್ಲಿ. ತಂಗಿ ಫೋನನ್ನು ಅಮ್ಮಿಯ ಕಿವಿ ಹತ್ತಿರ ದಿಂಬಿಗೆ ಒರಗಿಸಿಟ್ಟು, ಇನ್ನೊಂದು ಫೋನಿನಲ್ಲಿ ನನಗೆ ಕರೆ ಮಾಡಿದಳು. ಒಂದು ಗಂಟೆ ಹತ್ತು ನಿಮಿಷ ಅಮ್ಮಿ ಅಲುಗಾಡದೆ ಕೇಳಿದಳು. ನನ್ನ ದನಿ ಬಂದಾಗ, "ಇದು ನೀನು" ಎಂದಳು. ರೀಟಳ ದನಿಗೆ, "ಈ ಮುದುಕಿ ಯಾರು, ಚೆನ್ನಾಗಿ ನಗ್ತಾಳೆ" ಎಂದಳು. ನಡುನಡುವೆ, "ಉನೆ ಕಬ್ ಬೋಲ್ತಾ?" ಎಂದು ಕೇಳುತ್ತಿದ್ದಳು. ಅವನು ಯಾವಾಗ ಮಾತಾಡ್ತಾನೆ?

ಬರ್ತಾನೆ ಅಮ್ಮಿ, ಎಂದೆ. ಮೊದಲ ಸಲ ಹೇಳಿದ ಮೇಲೆ ಎರಡನೆಯ ಸಲವೂ ಹೇಳಬೇಕಾಯಿತು. ಮೂರನೆಯ ಸಲ ಅಮ್ಮಿ ಕೇಳಲಿಲ್ಲ. ಸಿನಿಮಾ ಮುಗಿದ ಮೇಲೆ, "ಈರುಳ್ಳಿ ಸೀದು ಹೋಗೋ ಹಾಗೆ ಕೇಳಿಸ್ತು, ಉರಿ ಸಣ್ಣ ಇಡು" ಎಂದಳು. ಸರಿ ಎಂದೆ.

ಡಿಸ್ಕಿನಲ್ಲಿ ಒಂದು ಫೋಲ್ಡರ್ ಮಾತ್ರ ನಾನು ಕತ್ತರಿಸದೆ ಬಿಟ್ಟದ್ದು. ಪ್ರತಿ ಶನಿವಾರ ಕೊನೆಯಲ್ಲಿ ಅವನು ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ಅರ್ಧ ನಿಮಿಷ ಆ ಕೋಣೆಯ ಬರೀ ಮೌನವನ್ನು ಹಿಡಿಯುತ್ತಿದ್ದ. ಮಾತಿನ ನಡುವೆ ಹೊಲಿಗೆ ಹಾಕಲು ಅದು ಬೇಕಂತೆ. ಇದನ್ನು ಮಾತ್ರ ಯಾವತ್ತೂ ಅಳಿಸಬೇಡ ಆಪಾ ಎಂದಿದ್ದ. ಅವನು ಸುಮ್ಮನಿದ್ದ ಅರ್ಧ ನಿಮಿಷಗಳೆಲ್ಲ ಹಾಗೇ ಇವೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದನ್ನೂ ಕೇಳಿದೆ. ನಲ್ಲಿ ತೊಟ್ಟಿಕ್ಕುವುದು, ದೂರದ ರೈಲು, ಯಾರದೋ ಹೊಟ್ಟೆಯ ಗುಡುಗು. ಕೊನೆಯ ಶನಿವಾರದ್ದರಲ್ಲಿ ಮಳೆ, ಮತ್ತು ಯಾರೋ ಮೂಗಿನಿಂದ ಉಸಿರು ಬಿಡುವುದು ಎರಡು ಸಲ ಕೇಳಿಸುತ್ತದೆ. ಕೋಣೆಯಲ್ಲಿ ಐದು ಜನ ಇದ್ದೆವು. ಅದು ಅವನದೇ ಎಂದು ಒಂದು ವಾರ ನಂಬಿದೆ. ನಮ್ಮವರಿಗೆ ಕೇಳಿಸಿದೆ. ಅವರು ಕೇಳಿ, ತಲೆ ತಗ್ಗಿಸಿ, "ಇದು ನಂದು ಕಣೇ, ನೆಗಡಿ ಆಗಿತ್ತು" ಎಂದರು.

ಅಮ್ಮಿಗೆ ಕಳಿಸಲು ಅವನ ದನಿ ಇನ್ನೂ ಸಿಕ್ಕಿಲ್ಲ.